ಸ್ವಲೀನರೂ ನೆರೆಹೊರೆಯವರೂ

ಎರಡು ವರ್ಷ ತುಂಬಿದ ಕೂಸು ಹೆಸರು ಹಿಡಿದು ಕರೆದರೂ ತಿರುಗಿ ನೋಡದಿದ್ದರೆ, ಆಡುವ ಮಕ್ಕಳ ಗುಂಪನ್ನು ಬಿಟ್ಟು ಮೂಲೆಯಲ್ಲಿ ಕುಳಿತು ಒಂದು ತಟ್ಟೆಯನ್ನೇ ಗಿರಗಿರನೆ ತಿರುಗಿಸುತ್ತಿದ್ದರೆ, ಈಚಿನ ದಿನಗಳಲ್ಲಿ ತಂದೆತಾಯಿಗಳು ಸುಮ್ಮನಿರುವುದಿಲ್ಲ. ವೈದ್ಯರಲ್ಲಿಗೆ ಕರೆದುಕೊಂಡು ಹೋಗುತ್ತಾರೆ. ಪಟ್ಟಣಗಳಲ್ಲಿ ಇಂಥ ಮಕ್ಕಳಿಗೆ ಮಾತು ಕಲಿಸುವವರೂ ಇದ್ದಾರೆ, ವಿಶೇಷ ಶಾಲೆಗಳೂ ಇವೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಕೂಸು ಎಂದೆಂದಿಗೂ ಕೂಸಾಗಿ ಉಳಿಯುವುದಿಲ್ಲವಷ್ಟೆ. ಅದಕ್ಕೆ ಹದಿನೆಂಟು ತುಂಬುತ್ತದೆ, ಮೂವತ್ತಾಗುತ್ತದೆ, ತಲೆ ನರೆಯುತ್ತದೆ. ಶಾಲೆಯ ಬಾಗಿಲು ಮುಚ್ಚಿದ ಮೇಲೆ ಆತನು ಎಲ್ಲಿಗೆ ಹೋಗಬೇಕು? ಯಾರ ಸಂಗಡ ಕುಳಿತುಕೊಳ್ಳಬೇಕು? ಇದನ್ನು ಕುರಿತು ನಮ್ಮ ಮನೆಗಳಲ್ಲಿ ಮಾತು ನಡೆಯುವುದು ಅಪೂರ್ವ. ಆದಕಾರಣ ಮಕ್ಕಳ ವಿಚಾರವನ್ನು ಬದಿಗಿಟ್ಟು, ಪ್ರಾಯಕ್ಕೆ ಬಂದ ಸ್ವಲೀನರ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂದು ಬಯಸಿದ್ದೇವೆ.

ಮೊದಲು ಹೆಸರಿನ ವಿಚಾರ. ಇಂಗ್ಲಿಷಿನಲ್ಲಿ ‘ಆಟಿಸಂ’ ಎನ್ನುವುದನ್ನು ಕನ್ನಡದಲ್ಲಿ ‘ಸ್ವಲೀನತೆ’ ಎಂದು ಕರೆಯುವುದು ರೂಢಿಗೆ ಬಂದಿದೆ. ಮೂಲದಲ್ಲಿರುವುದು ‘ತಾನು’ ಎಂಬ ಅರ್ಥವುಳ್ಳ ‘ಆಟೋಸ್’ ಎಂಬ ಗ್ರೀಕ್ ಪದ. ನಮ್ಮವರು ಅದನ್ನೇ ಅನುಸರಿಸಿ, ತನ್ನಲ್ಲಿಯೇ ಲೀನನಾದವನು ಎಂಬ ಸಮಾಸವನ್ನು ಕಟ್ಟಿದ್ದಾರೆ. ಸಮಾಸವೇನೋ ಶುದ್ಧವಾಗಿದೆ. ಆದರೆ ಅದನ್ನು ಕೇಳಿದವರು, ಈತನಿಗೆ ಇತರರು ಬೇಕಾಗಿಲ್ಲ, ಸ್ನೇಹದ ಬಯಕೆಯೇ ಇಲ್ಲ ಎಂದು ತಿಳಿದುಬಿಡುವ ಅಪಾಯವುಂಟು. ಆ ತಿಳಿವಳಿಕೆ ತಪ್ಪೆಂಬುದು ಮುಂದೆ ಗೊತ್ತಾಗುತ್ತದೆ.

ಸ್ವಲೀನತೆಯು ಅಂಟುರೋಗವಲ್ಲ, ಹುಚ್ಚಲ್ಲ, ಗ್ರಹಚೇಷ್ಟೆಯಲ್ಲ. ಮಿದುಳಿನ ಬೆಳವಣಿಗೆಯಲ್ಲಿ ಮೊದಲಿನಿಂದಲೇ ಬಂದು ಕಡೆಯವರೆಗೂ ಇರುವ ಒಂದು ಭೇದ. ತಾಯಿಯ ವಾತ್ಸಲ್ಯ ಸಾಲದೆ ಹೀಗಾಗುತ್ತದೆಂದು ಕಳೆದ ಶತಮಾನದ ಮಧ್ಯದಲ್ಲಿ ಪಶ್ಚಿಮದ ಕೆಲವರು ಪಂಡಿತರು ಹೇಳಿ, ಎಷ್ಟೋ ಮಂದಿ ತಾಯಂದಿರ ಕಣ್ಣೀರಿಗೆ ಕಾರಣರಾದರು. ಆ ಮಾತು ಸುಳ್ಳೆಂದು ಈಗ ಸ್ಥಿರಪಟ್ಟಿದೆ. ಸ್ವಲೀನರೆಲ್ಲರೂ ಒಂದೇ ಬಗೆಯವರಲ್ಲ. ಕೆಲವರಿಗೆ ಮಾತೇ ಬಾರದು, ಊಟ ಸ್ನಾನಗಳಿಗೂ ಕೈಹಿಡಿಯುವವರು ಬೇಕು. ಕೆಲವರು ದೊಡ್ಡ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ಉದ್ಯೋಗದಲ್ಲಿರುತ್ತಾರೆ. ಆದರೂ ಕೆಲವು ಲಕ್ಷಣಗಳು ಬಹುಮಟ್ಟಿಗೆ ಸಮಾನ. ಇತರರ ಮುಖಭಾವವನ್ನೂ ಮಾತಿನ ಮರ್ಮವನ್ನೂ ಗ್ರಹಿಸುವುದು ಕಷ್ಟ. ದಿನಚರಿ ತಪ್ಪಿದರೆ ತಳಮಳ. ಯಾವುದಾದರೊಂದು ವಿಷಯದಲ್ಲಿ ಅತಿಶಯವಾದ ಆಸಕ್ತಿ. ನಮಗೆ ಸಹಜವಾಗಿ ತೋರುವ ಸದ್ದು, ಬೆಳಕು, ವಾಸನೆ, ಸ್ಪರ್ಶಗಳು ಅವರಿಗೆ ಬಾಧೆಯಾಗುವುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ನೆಯ ಇಸವಿಯಲ್ಲಿ ಲೋಕದಲ್ಲಿ ಸುಮಾರು 127 ಜನರಿಗೆ ಒಬ್ಬರು ಸ್ವಲೀನರು. ಹಾಗಾದರೆ ಒಂದು ಮದುವೆಗೆ ಐನೂರು ಮಂದಿ ಸೇರುವ ನಮ್ಮ ಬಂಧುಬಳಗದಲ್ಲಿ ಮೂರು ನಾಲ್ಕು ಮಂದಿಯಾದರೂ ಇರಬೇಕು. ಅವರು ಮದುವೆಯಲ್ಲಿ ಕಾಣುವುದಿಲ್ಲವೆಂದರೆ, ಅವರು ಇಲ್ಲವೆಂದಲ್ಲ. ಮನೆಯಲ್ಲಿ ಬಿಟ್ಟುಬಂದಿದ್ದಾರೆ ಎಂದರ್ಥ.

ಇಷ್ಟನ್ನು ಹೇಳುವ ಅಧಿಕಾರ ನಮಗೆ ಎಲ್ಲಿಂದ ಬಂತೆಂದು ವಾಚಕರು ಕೇಳಬಹುದು. ನಮ್ಮದು ವೈದ್ಯವೃತ್ತಿಯಲ್ಲ, ಮಕ್ಕಳಿಗೆ ಸಂಸ್ಕೃತವನ್ನು ಕಲಿಸಿ ಕಾಲಕಳೆದವರು ನಾವು. ನಮಗಿರುವುದು ಅಧಿಕಾರವಲ್ಲ, ಒಂದು ಋಣ. ಈಗ್ಗೆ ಮೂವತ್ತೈದು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಶಬ್ದರೂಪಗಳನ್ನು ಒಂದು ಸಲ ಓದಿದರೆ ಸಾಕು, ಏಳು ವಿಭಕ್ತಿ ಮೂರು ವಚನಗಳೊಡನೆ ತಡವರಿಸದೆ ಒಪ್ಪಿಸುತ್ತಿದ್ದನು. ಆದರೆ ಒಪ್ಪಿಸುವಾಗ ನಮ್ಮ ಮುಖವನ್ನು ನೋಡುತ್ತಿರಲಿಲ್ಲ. ಕಿಟಕಿಯ ಸರಳುಗಳನ್ನು ನೋಡುತ್ತಿದ್ದನು. ಗಂಟೆ ಬಾರಿಸಿದರೆ ಎರಡು ಕಿವಿಗಳನ್ನೂ ಮುಚ್ಚಿಕೊಂಡು ಬೆಂಚಿನ ಕೆಳಗೆ ಬಗ್ಗುತ್ತಿದ್ದನು, ಹುಡುಗರೆಲ್ಲ ನಗುತ್ತಿದ್ದರು. ಒಂದು ದಿನ ನಾವು ಕಪ್ಪುಹಲಗೆಯ ಮೇಲೆ ಒಂದು ರೂಪವನ್ನು ತಪ್ಪಾಗಿ ಬರೆದೆವು. ಆತನು ಎದ್ದು ನಿಂತು, “ಮೇಷ್ಟ್ರೇ, ತಪ್ಪು” ಎಂದನು. ತಪ್ಪು ನಮ್ಮದೇ ಆಗಿತ್ತು. ಆದರೂ ಇದು ಉದ್ಧಟತನವೆಂದು ಬಗೆದು, ಆತನನ್ನು ಆ ದಿನವೆಲ್ಲ ತರಗತಿಯ ಹೊರಗೆ ನಿಲ್ಲಿಸಿದೆವು. ಮರುದಿನವೂ ಆತನು ತಾನಾಗಿಯೇ ಹೊರಗೆ ಹೋಗಿ ನಿಂತನು. ಒಳಗೆ ಬಾ ಎಂದು ಯಾರೂ ಹೇಳಿರಲಿಲ್ಲವಷ್ಟೆ! ಅದನ್ನೂ ಹಟವೆಂದೇ ತಿಳಿದೆವು.

ನಿವೃತ್ತರಾದ ಮೇಲೆ ನಾವು ಬಂದು ನೆಲಸಿದ ಬೀದಿಯಲ್ಲಿಯೇ ಆತನ ಮನೆಯಿದೆಯೆಂದು ಬಹಳ ತಡವಾಗಿ ತಿಳಿಯಿತು. ಈಗ ಆತನಿಗೆ ನಲವತ್ತೈದರ ಪ್ರಾಯ. ಸ್ವಲೀನತೆಯೆಂದು ವೈದ್ಯರು ಹೇಳಿದ್ದು ಮೂವತ್ತು ದಾಟಿದ ಮೇಲೆ. ತಂದೆ ತೀರಿಕೊಂಡಿದ್ದಾರೆ, ತಾಯಿಗೆ ಎಪ್ಪತ್ತು ಕಳೆದಿದೆ, ಅಣ್ಣನು ಬೇರೆ ಊರಿನಲ್ಲಿ ಸಂಸಾರವಂದಿಗನಾಗಿದ್ದಾನೆ. ಆತನು ಮನೆಯಿಂದ ಹೊರಗೆ ಹೋಗಿ ವರ್ಷಗಳೇ ಆಗಿದ್ದವು. ಒಂದು ಸಂಜೆ ಆ ತಾಯಿ ನಮ್ಮೊಡನೆ, “ಮೇಷ್ಟ್ರೇ, ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಊಟ ಹಾಕೋರು ಸಿಕ್ತಾರೆ. ದೊಡ್ಡವನು ಅಷ್ಟು ಕೆಟ್ಟವನಲ್ಲ. ಆದರೆ ಇವನು ಇದಾನೆ ಅಂತ ಯಾರಿಗೆ ಗೊತ್ತಿರುತ್ತೆ?” ಎಂದರು. ನಮಗೆ ಉತ್ತರ ತೋಚಲಿಲ್ಲ.

ಆ ತಾಯಿಯ ಮಾತಿನಲ್ಲಿ ಎರಡು ಭಾಗಗಳಿವೆ. ಒಂದು ಊಟ, ಇನ್ನೊಂದು, ನಾಲ್ಕು ಜನರ ತಿಳಿವಿನಲ್ಲಿ ಇರುವುದು. ನಮ್ಮ ಹಿಂದಿನವರು ಮೊದಲನೆಯದನ್ನು ಯೋಚಿಸಿದ್ದರು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ದಾಯಭಾಗವನ್ನು ಹೇಳುವಾಗ, ಹುಟ್ಟುಕುರುಡರು, ಕಿವುಡರು, ಮೂಗರು, ಉನ್ಮತ್ತರು, ಜಡರು ಮೊದಲಾದವರಿಗೆ ಆಸ್ತಿಯಲ್ಲಿ ಭಾಗವಿಲ್ಲವೆಂದು ವಿಧಿಸಿ, ಆದರೆ ಭಾಗವನ್ನು ಪಡೆದವರು ಇವರಿಗೆ ಯಥಾಶಕ್ತಿ ‘ಗ್ರಾಸಾಚ್ಛಾದನ’ವನ್ನು, ಎಂದರೆ ಅನ್ನವಸ್ತ್ರಗಳನ್ನು, ಕೊಡಲೇಬೇಕು, ಕೊಡದವನು ಪತಿತನೆಂದು ಹೇಳಿದೆ. ಭಾಗವಿಲ್ಲವೆಂಬ ಆ ನಿಷೇಧವು ಈಗ ಉಳಿದಿಲ್ಲ. 1956ನೆಯ ಇಸವಿಯ ಹಿಂದೂ ಉತ್ತರಾಧಿಕಾರದ ಕಾಯಿದೆಯಂತೆ ರೋಗ, ನ್ಯೂನತೆ, ಅಂಗವಿಕಾರಗಳ ಕಾರಣದಿಂದ ಯಾರಿಗೂ ಭಾಗ ತಪ್ಪುವಂತಿಲ್ಲ. ಕಾನೂನು ಹೀಗೆ ಮುಂದೆ ಹೋಗಿದೆ. ನಮ್ಮ ಬೀದಿಗಳು ಮಾತ್ರ ಗ್ರಾಸಾಚ್ಛಾದನದಲ್ಲಿಯೇ ನಿಂತಿವೆ. ಅನ್ನವನ್ನು ಕೊಡುತ್ತೇವೆ, ಬಟ್ಟೆಯನ್ನು ಕೊಡುತ್ತೇವೆ. ಹತ್ತು ಜನರ ನಡುವೆ ಒಂದು ಸ್ಥಳವನ್ನು ಕೊಡುವುದಿಲ್ಲ. ಅಂಥ ಸ್ಥಳವನ್ನು ಒಂದು ಊರು ಕೊಡಬಲ್ಲುದೆ, ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ದೂರದೇಶದ ಒಂದು ನಿಜವೃತ್ತಾಂತವನ್ನು ಇಲ್ಲಿ ಹೇಳುತ್ತೇವೆ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಮಿಸಿಸಿಪಿ ಎಂಬುದೊಂದು ಸಂಸ್ಥಾನ. ಅದರಲ್ಲಿ ಫಾರೆಸ್ಟ್ ಎಂಬುದು ಐದಾರು ಸಾವಿರ ಜನಸಂಖ್ಯೆಯ ಒಂದು ಚಿಕ್ಕ ಊರು. ಅಲ್ಲಿ 1933ನೆಯ ಇಸವಿಯಲ್ಲಿ ಡಾನಲ್ಡ್ ಟ್ರಿಪ್ಲೆಟ್ ಎಂಬ ಗಂಡುಮಗು ಹುಟ್ಟಿತು. ತಂದೆ ವಕೀಲರು; ತಾಯಿಯ ಮನೆಯವರು ಊರಿನ ಬ್ಯಾಂಕಿಗೆ ಸಂಬಂಧಪಟ್ಟವರು. ಮಗುವಿಗೆ ಹಾಡುಗಳೂ ಧರ್ಮಪಾಠಗಳೂ ಬಾಯಿಪಾಠ ಬರುತ್ತಿದ್ದವು. ಆದರೆ ತಾಯಿ ಎತ್ತಿಕೊಳ್ಳಲು ಹೋದರೆ ಲಕ್ಷ್ಯವಿಲ್ಲ. ಸಾಮಾನುಗಳನ್ನು ತಿರುಗಿಸುತ್ತ ಕುಳಿತರೆ ಜಗತ್ತಿನ ಪರಿವೆಯಿಲ್ಲ. ಅಂದಿನ ವೈದ್ಯರ ಉಪದೇಶದಂತೆ ಮೂರು ತುಂಬಿದ ಮಗುವನ್ನು 1937ರಲ್ಲಿ ಮನೆಯಿಂದ ದೂರದ ಒಂದು ಸಂಸ್ಥೆಯಲ್ಲಿ ಬಿಟ್ಟರು. ತಂದೆತಾಯಿಗಳು ತಿಂಗಳಿಗೆ ಎರಡು ಸಲ ಹೋಗಿ ನೋಡಬಹುದಾಗಿತ್ತು. ಅಲ್ಲಿ ಮಗುವು ಬಾಡಿಹೋಯಿತು. ಒಂದು ವರ್ಷದ ತರುವಾಯ, ಬೇಡವೆಂದು ಹೇಳಿದರೂ ಕೇಳದೆ, ಅವರು ಮಗನನ್ನು ಮನೆಗೆ ಕರೆತಂದರು. ತಂದೆಯು ಮಗನ ನಡತೆಯನ್ನೆಲ್ಲ 33 ಪುಟಗಳಲ್ಲಿ ವಿವರಿಸಿ ಬಾಲ್ಟಿಮೋರಿನ ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರಿಗೆ ಒಂದು ಪತ್ರ ಬರೆದರು. 1943ರಲ್ಲಿ ಕ್ಯಾನರರು ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಈ ಸ್ಥಿತಿಯನ್ನು ಲೋಕಕ್ಕೆ ತಿಳಿಸಿದಾಗ, ಅದರಲ್ಲಿ ಮೊದಲನೆಯವನು ಈ ಡಾನಲ್ಡ್.

ಅದಕ್ಕೆ ಒಂದು ವರ್ಷ ಮೊದಲು, 1942ರಲ್ಲಿ, ಹುಡುಗನನ್ನು ಊರಿಗೆ ಹತ್ತು ಮೈಲಿ ದೂರದಲ್ಲಿದ್ದ ಒಬ್ಬ ಗೇಣಿಯ ರೈತನ ಮನೆಯಲ್ಲಿ ಇರಿಸಿದ್ದರು. ರೈತದಂಪತಿಗಳು ವಿದ್ಯಾವಂತರೇನಲ್ಲ; ಮನಶ್ಶಾಸ್ತ್ರದ ಹೆಸರನ್ನೂ ಕೇಳಿದವರಲ್ಲ. ಹುಡುಗನಿಗೆ ಅಳೆಯುವ ಹುಚ್ಚು. ಅವರು ಆತನಿಂದ ಒಂದು ಬಾವಿಯನ್ನು ತೋಡಿಸಿ, ಎಷ್ಟು ಆಳವಾಯಿತೆಂದು ಅಳೆದು ಹೇಳು ಎಂದರು. ಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದನು. ಉಳುತ್ತ ಎಣಿಸು ಎಂದು ನೇಗಿಲನ್ನು ಕೈಗೆ ಕೊಟ್ಟರು. ಸತ್ತ ಹಕ್ಕಿ ಹುಳುಗಳನ್ನು ಕೂಡಿಸಿ ತರುತ್ತಿದ್ದನು. ಗದರಿಸಲಿಲ್ಲ, ಒಂದು ಮೂಲೆಯನ್ನು ತೋರಿಸಿ ಅಲ್ಲಿ ಹೂಳಿ ಗುರುತು ನೆಡು ಎಂದರು. ಆತನು ಪ್ರತಿಯೊಂದು ಪ್ರಾಣಿಗೂ ಹೆಸರಿಟ್ಟು, ಆ ಹೆಸರಿನ ಕಡೆಯಲ್ಲಿ ರೈತನ ಮನೆತನದ ಹೆಸರನ್ನೇ ಸೇರಿಸಿ ಬರೆದನು. ಹಳ್ಳಿಯ ಶಾಲೆಯವರೂ ಆತನ ವಿಚಿತ್ರಗಳನ್ನು ಸಹಿಸಿಕೊಂಡು ಪಾಠ ಹೇಳಿದರು. 1945ರಲ್ಲಿ ಕ್ಯಾನರರು ಖುದ್ದಾಗಿ ಹೋಗಿ, ಹುಡುಗನು ಕುದುರೆ ಕಟ್ಟಿ ನೆಟ್ಟಗೆ ಸಾಲು ಹೊಡೆಯುವುದನ್ನು ನೋಡಿ ಆಶ್ಚರ್ಯಪಟ್ಟರು. ಹುಡುಗನ ಒಲವನ್ನು ಮುರಿಯದೆ ಅದಕ್ಕೆ ಒಂದು ದಾರಿ ತೋರಿಸಿದ್ದೇ ಆ ದಂಪತಿಗಳ ವಿದ್ಯೆ. ವಿಭಕ್ತಿಗಳನ್ನೆಲ್ಲ ಬಲ್ಲ ಹುಡುಗನನ್ನು ಹೊರಗೆ ನಿಲ್ಲಿಸಿದ ನಮಗೆ ಆ ವಿದ್ಯೆ ತಿಳಿದಿರಲಿಲ್ಲ.

ಮುಂದೆ ಡಾನಲ್ಡರು ಊರಿನ ಹೈಸ್ಕೂಲಿಗೆ ಸೇರಿದರು. ಕಾಲೇಜಿನಲ್ಲಿ ಓದಿ 1958ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪದವಿ ಪಡೆದರು. ಬಳಿಕ ಊರಿನ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿ ಸುಮಾರು 65 ವರ್ಷಗಳ ಕಾಲ ಅಲ್ಲಿಯೇ ಇದ್ದರು. ಇಪ್ಪತ್ತೇಳನೆಯ ವರ್ಷದಲ್ಲಿ ಕಾರು ನಡೆಸುವುದನ್ನು ಕಲಿತರು. 1980ರ ದಶಕದಲ್ಲಿ ತಂದೆಯೂ ತಾಯಿಯೂ ತೀರಿಕೊಂಡ ಮೇಲೆ ಬೆಳೆದ ಮನೆಯಲ್ಲಿಯೇ ಒಬ್ಬರೇ ವಾಸವಾಗಿದ್ದರು. ಬೆಳಿಗ್ಗೆ ಸ್ನೇಹಿತರೊಡನೆ ಕಾಫಿ. ಅನಂತರ ಗಾಲ್ಫ್ ಆಟ. ಆಗಾಗ್ಗೆ ದೇಶಸಂಚಾರ, ಅದೂ ಆರು ದಿನ ಮೀರದಂತೆ ಹೋಗಿ ಬರುವುದು. ಮೂವತ್ತಕ್ಕೆ ಮೇಲ್ಪಟ್ಟು ಪರದೇಶಗಳನ್ನು ಒಬ್ಬರೇ ನೋಡಿಬಂದರು. ಪರಿಚಿತರಿಗೆ ತಮ್ಮ ಮನಸ್ಸಿಗೆ ತೋರಿದ ಒಂದೊಂದು ಸಂಖ್ಯೆಯನ್ನು ಕೊಟ್ಟು, ಎಷ್ಟು ವರ್ಷಗಳಾದರೂ ಆ ಸಂಖ್ಯೆಯನ್ನು ಮರೆಯದೆ ಕರೆಯುತ್ತಿದ್ದರು. ಊರಿನವರು ಅದನ್ನು ಬಿರುದಿನಂತೆ ಧರಿಸಿದರು. 2023ನೆಯ ಇಸವಿ ಜೂನ್ ತಿಂಗಳಿನಲ್ಲಿ, 89ನೆಯ ವಯಸ್ಸಿನಲ್ಲಿ, ಅದೇ ಊರಿನಲ್ಲಿ ಕಾಲವಾದರು.

ಅವರ ಬಗ್ಗೆ ಊರಿನಲ್ಲಿ ಒಂದು ಕತೆ ಪ್ರಸಿದ್ಧವಾಗಿತ್ತು. ಶಾಲೆಯ ಗೋಡೆಯಲ್ಲಿ ಎಷ್ಟು ಇಟ್ಟಿಗೆಗಳಿವೆಯೆಂದು ಹುಡುಗರು ಕೇಳಿದರಂತೆ. ಡಾನಲ್ಡನು ಒಂದು ಸಲ ನೋಡಿ ತಟ್ಟನೆ ಸಂಖ್ಯೆಯನ್ನು ಹೇಳಿದನಂತೆ. ಎಷ್ಟೋ ವರ್ಷಗಳ ಮೇಲೆ ಜಾನ್ ಡಾನ್ವನ್, ಕ್ಯಾರೆನ್ ಜುಕರ್ ಎಂಬ ಇಬ್ಬರು ಪತ್ರಕರ್ತರು ಆ ಊರಿಗೆ ಹೋಗಿ ಅವರನ್ನೇ ಈ ವಿಷಯ ಕೇಳಿದರು. ಆ ಸಂಖ್ಯೆಯನ್ನು ಸುಮ್ಮನೆ ಕಲ್ಪಿಸಿ ಹೇಳಿದೆನೆಂದು ಡಾನಲ್ಡರು ಒಪ್ಪಿಕೊಂಡರು. ಏಕೆ ಎಂದರೆ, ಆ ಹುಡುಗರು ತಮ್ಮನ್ನು ಮೆಚ್ಚಲಿ ಎಂಬ ಆಸೆಯಿಂದ! ‘ತನ್ನಲ್ಲಿಯೇ ಲೀನನಾದವನು’ ಎಂಬ ಸಮಾಸದ ಅರ್ಥವನ್ನು ನಂಬಿದವರು ಈ ಉತ್ತರವನ್ನು ಆಲೋಚಿಸಬೇಕು. ಸ್ನೇಹದ ಬಯಕೆಯು ಆ ಹುಡುಗನಲ್ಲಿ ಎಲ್ಲರಂತೆಯೇ ಇತ್ತು. ಅದನ್ನು ಕೇಳಿ ಪಡೆಯುವ ದಾರಿ ಮಾತ್ರ ತಿಳಿದಿರಲಿಲ್ಲ. ಆ ಪತ್ರಕರ್ತರಿಗೆ ಇನ್ನೊಂದು ಅನುಭವವೂ ಆಯಿತು. ಅವರು ಡಾನಲ್ಡರ ವಿಚಾರವಾಗಿ ಊರಿನಲ್ಲಿ ಕೇಳುತ್ತ ಹೋದಾಗ, ಒಬ್ಬರಲ್ಲ, ಹಲವರು ಬೇರೆಬೇರೆಯಾಗಿ ಅವರನ್ನು ಎಚ್ಚರಿಸಿದರಂತೆ: ನೀವು ಬರೆಯುವುದರಿಂದ ಅವರಿಗೆ ನೋವಾದರೆ ನಾವು ಸುಮ್ಮನಿರುವವರಲ್ಲ ಎಂದು. ನಮ್ಮ ಬೀದಿಯ ಆ ತಾಯಿಯ ಪ್ರಶ್ನೆಗೆ ಫಾರೆಸ್ಟ್ ಊರಿನವರು ಕೊಟ್ಟ ಉತ್ತರ ಇದೇ ಅಲ್ಲವೆ?

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಡಾನಲ್ಡರು ಧನಿಕರ ಮಗ, ಬಿಳಿಯರ ಪ್ರಾಬಲ್ಯವಿದ್ದ ನಾಡಿನಲ್ಲಿ ಬಿಳಿಯರ ಮನೆತನದವರು, ಬ್ಯಾಂಕು ಬಂಧುಗಳದು, ತಾಯಿಯು ಮಗನ ಜೀವನಕ್ಕೆಂದು ಹಣವನ್ನು ನಿಧಿಯಾಗಿ ಇಟ್ಟು ಹೋಗಿದ್ದಳು, ಬಡವರ ಮಗನಿಗೆ ಇದೆಲ್ಲ ಎಲ್ಲಿಂದ ಬರಬೇಕು ಎಂದು. ಈ ಮಾತಿನಲ್ಲಿ ಸತ್ಯವುಂಟು, ಮುಚ್ಚಿಡತಕ್ಕದ್ದಲ್ಲ. ಆದರೆ ಹಣವೊಂದೇ ಕಾರಣವೆಂದರೆ ಒಪ್ಪಲಾಗದು. 1971ರಲ್ಲಿ ಕ್ಯಾನರರು ಆ ಹನ್ನೊಂದು ಮಕ್ಕಳೂ ಏನಾದರೆಂದು ವಿಚಾರಿಸಿ ಮತ್ತೊಂದು ಲೇಖನ ಬರೆದರು. ಸರಕಾರದ ದೊಡ್ಡ ಆಸ್ಪತ್ರೆಗಳಲ್ಲಿ ಸೇರಿಸಲ್ಪಟ್ಟವರು ಇದ್ದ ಚೈತನ್ಯವನ್ನೂ ಕಳೆದುಕೊಂಡು ಕೇವಲ ಇದ್ದಲ್ಲಿಯೇ ಇದ್ದುಬಿಟ್ಟಿದ್ದರು. ಅಲ್ಲಿ ಸೇರಿಸುವುದು ಯಾವಜ್ಜೀವ ಸೆರೆವಾಸಕ್ಕೆ ಸಮಾನವೆಂಬ ಭಾವನೆ ಕ್ಯಾನರರಿಗೇ ಬಂದಿತು. ಈ ಮಕ್ಕಳ ತಂದೆತಾಯಿಗಳೂ ಬಹುತೇಕ ವಿದ್ಯಾವಂತರು, ಉಳ್ಳವರು. ಹಾಗಿದ್ದೂ ಫಲದಲ್ಲಿ ಇಷ್ಟು ಅಂತರ! ಡಾನಲ್ಡನನ್ನು ಹೊಲಕ್ಕೆ ಇಳಿಸಿದವರು ಗೇಣಿಯ ರೈತರು. ಶಾಲೆಯಲ್ಲಿ ಸಹಿಸಿದವರು ಹಳ್ಳಿಯ ಉಪಾಧ್ಯಾಯರು. ಹಣವು ಅನ್ನವಸ್ತ್ರಗಳಿಗಾಯಿತು, ಸ್ಥಳವನ್ನು ಕೊಟ್ಟವರು ನೆರೆಹೊರೆಯವರು.

ಒಂದು ಊರು ಒಬ್ಬನಿಗೆ ಹೀಗೆ ಎಡೆಕೊಟ್ಟಿತು. ಊರು ಎಡೆಕೊಡದ ಕಡೆ ಸ್ವಲೀನರು ತಾವೇ ತಮಗೊಂದು ಎಡೆಯನ್ನು ಮಾಡಿಕೊಂಡದ್ದೂ ಉಂಟು. ಅಮೆರಿಕಾದಲ್ಲಿ ಜಿಮ್ ಸಿಂಕ್ಲೇರ್ ಮೊದಲಾದ ಕೆಲವರು ಸ್ವಲೀನರು 1992ರಲ್ಲಿ ಒಂದು ಸಂಘವನ್ನು ಕಟ್ಟಿ, 1996ರಿಂದ ‘ಆಟ್ರೀಟ್’ ಎಂಬ ಹೆಸರಿನ ಕೂಟವನ್ನು ನಡೆಸತೊಡಗಿದರು. ಅಲ್ಲಿಯ ಏರ್ಪಾಡುಗಳನ್ನು ಕೇಳಿದರೆ ನಮಗೆ ವಿನೋದವಾಗಿ ತೋರಬಹುದು, ಆಲೋಚಿಸಿದರೆ ಮೆಚ್ಚಿಕೆಯಾಗುತ್ತದೆ. ಬಂದವರು ಎದೆಯ ಮೇಲೆ ಬಣ್ಣದ ಚೀಟಿಯನ್ನು ಧರಿಸುತ್ತಿದ್ದರು. ಕೆಂಪಾದರೆ, ಈಗ ಯಾರೂ ನನ್ನನ್ನು ಮಾತನಾಡಿಸಬೇಡಿ. ಹಳದಿಯಾದರೆ, ಮೊದಲೇ ಪರಿಚಯವಿದ್ದವರು ಮಾತ್ರ ಮಾತನಾಡಿಸಬಹುದು. ಹಸುರಾದರೆ, ನನಗೆ ಮಾತು ಬೇಕು, ಆದರೆ ಮೊದಲುಮಾಡಲು ತಿಳಿಯದು, ನೀವೇ ಮಾತನಾಡಿಸಿ. ಘಾಟಾದ ಸುಗಂಧದ್ರವ್ಯವನ್ನು ಪೂಸಿಕೊಳ್ಳಕೂಡದಾಗಿತ್ತು. ಫೋಟೋ ತೆಗೆಯುವಾಗ ಮಿಂಚಿನ ದೀಪ ಕೂಡದಾಗಿತ್ತು. ಕಾರ್ಯಕ್ರಮಕ್ಕೆ ಬರಲೇಬೇಕೆಂಬ ಬಲಾತ್ಕಾರವಿರಲಿಲ್ಲ. ಹೀಗೆ ಮಾಡಿದ ಕೂಡಲೆ, ಜನರ ನಡುವೆ ಇರಲಾರರು ಎನಿಸಿಕೊಂಡವರೇ ದಿನಗಟ್ಟಲೆ ಜನರ ನಡುವೆ ಸಂತೋಷವಾಗಿದ್ದರು.

ಈಚೆಗೆ ಇನ್ನೊಂದು ಚಿಹ್ನೆ ಬಳಕೆಗೆ ಬಂದಿದೆ. 2016ರಲ್ಲಿ ಇಂಗ್ಲೆಂಡಿನ ಗ್ಯಾಟ್‌ವಿಕ್ ವಿಮಾನ ನಿಲ್ದಾಣದಲ್ಲಿ, ಹೊರಗೆ ಕಾಣದ ನ್ಯೂನತೆಯುಳ್ಳ ಪ್ರಯಾಣಿಕರಿಗೆ ಸೂರ್ಯಕಾಂತಿ ಹೂವುಗಳನ್ನು ಅಚ್ಚುಮಾಡಿದ ಹಸುರು ಕೊರಳಪಟ್ಟಿಯನ್ನು ಕೊಡಲಾರಂಭಿಸಿದರು. ಅದನ್ನು ನೋಡಿದ ನೌಕರರು ಅವಸರಪಡಿಸದೆ ಸಹಾಯಮಾಡಬೇಕು. ನಮ್ಮ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿಯೂ ಈ ಏರ್ಪಾಡು ಬಂದಿದೆ. ಸ್ವತಃ ಸ್ವಲೀನರಾದ ಡೇಮಿಯನ್ ಮಿಲ್ಟನ್ ಎಂಬ ಆಂಗ್ಲ ವಿದ್ವಾಂಸರು 2012ರಲ್ಲಿ ಒಂದು ವಿಚಾರವನ್ನು ಪ್ರತಿಪಾದಿಸಿದರು. ಸ್ವಲೀನರಿಗೆ ನಮ್ಮ ಮನಸ್ಸು ತಿಳಿಯದೆಂದು ಹೇಳುತ್ತೇವಲ್ಲ, ಅವರ ಮನಸ್ಸು ನಮಗೆ ತಿಳಿದಿದೆಯೆ? ತಿಳಿಯದಿರುವುದು ಎರಡು ಕಡೆಯಲ್ಲಿಯೂ ಇದೆ. ಭಾರವನ್ನೆಲ್ಲ ಒಂದೇ ಕಡೆಗೆ ಹೊರಿಸುವುದು ನ್ಯಾಯವಲ್ಲ ಎಂಬುದು ಅದರ ತಾತ್ಪರ್ಯ. ಹೊರಗೆ ನಿಂತ ನಮ್ಮ ಶಿಷ್ಯನು ಒಳಗೆ ಬಾರದಿದ್ದುದನ್ನು ನಾವು ಹಟವೆಂದು ತಿಳಿದುದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕಾಗಿಲ್ಲ.

ಇನ್ನು ನಮ್ಮ ಗೃಹಸ್ಥರು ಏನು ಮಾಡಬಹುದೆಂಬುದನ್ನು ನೋಡೋಣ. ಮೊದಲನೆಯದು ಮಾತು. ನಮ್ಮ ನುಡಿಯಲ್ಲಿ ಹೇಳುವುದು ಒಂದು, ಅರ್ಥ ಇನ್ನೊಂದು ಆಗಿರುವುದು ಬಹಳ. ‘ಬರುತ್ತೇನೆ’ ಎಂದು ಹೇಳಿ ಹೊರಟುಹೋಗುತ್ತೇವೆ. ಪದದ ಅರ್ಥವನ್ನೇ ಹಿಡಿಯುವವನು ಬಾಗಿಲಲ್ಲಿ ಕಾದು ನಿಂತರೆ ಆತನ ತಪ್ಪೇನು? ಇಂಥವರೊಡನೆ ನೇರವಾಗಿ, ಒಂದು ಸಲಕ್ಕೆ ಒಂದೇ ವಿಷಯವನ್ನು ಹೇಳಿ, ಉತ್ತರಕ್ಕೆ ತಾಳ್ಮೆಯಿಂದ ಕಾಯಬೇಕು. ಮುಖ ನೋಡಿ ಮಾತನಾಡು ಎಂದು ಬಲವಂತಪಡಿಸಬಾರದು. ಮುಖ್ಯವಾಗಿ, ನಲವತ್ತು ವರ್ಷದವನನ್ನು ಮಗುವಿನಂತೆ ಏಕವಚನದಲ್ಲಿ ರಮಿಸುವುದು, ಆತನು ಎದುರಿನಲ್ಲಿರುವಾಗಲೇ ಆತನ ವಿಷಯವನ್ನು ತಾಯಿಯೊಡನೆ ಕೇಳುವುದು, ಇವುಗಳನ್ನು ಬಿಡಬೇಕು. ಮಾತು ಬಾರದವರಿಗೂ ಮಾನವುಂಟು.

ಎರಡನೆಯದು ಸಮಾರಂಭಗಳು. ಮದುವೆಗೆ ಕರೆಯುವಾಗ, ‘ಮಗನನ್ನೂ ಕರೆದುಕೊಂಡು ಬನ್ನಿ’ ಎಂದು ಬಾಯಿಬಿಟ್ಟು ಹೇಳಬೇಕು. ಕಲ್ಯಾಣಮಂಟಪದಲ್ಲಿ ಧ್ವನಿವರ್ಧಕದಿಂದ ದೂರವಾದ ಒಂದು ಕೋಣೆಯನ್ನು ತೆರೆದಿಟ್ಟರೆ ಖರ್ಚೇನೂ ಇಲ್ಲ. ಗಟ್ಟಿಮೇಳದ ಹೊತ್ತಿಗೆ ಅಲ್ಲಿ ಕುಳಿತಿದ್ದು, ಸದ್ದು ನಿಂತ ಮೇಲೆ ಬಂದು ಅಕ್ಷತೆ ಹಾಕಬಹುದು. ಆ ಕೋಣೆಯಿಂದ ತಲೆನೋವಿನ ಮುದುಕರಿಗೂ ಕೂಸುಗಳಿಗೂ ಉಪಕಾರವೇ. ಯಾವ ಹೊತ್ತಿಗೆ ಏನು ನಡೆಯುತ್ತದೆಂದು ಮೊದಲೇ ಬರೆದುಕೊಟ್ಟರೆ ತಳಮಳ ಕಡಿಮೆಯಾಗುತ್ತದೆ. ದೇವಸ್ಥಾನಕ್ಕೆ ಮಂಗಳಾರತಿಯ ಗಂಟೆ ಜಾಗಟೆಗಳ ಹೊತ್ತನ್ನು ಬಿಟ್ಟು ಬಂದರೆ, ಅರ್ಚಕರು ಆದರದಿಂದ ತೀರ್ಥ ಕೊಡಬೇಕು. ಮೂರನೆಯದು ಕೆಲಸ. ವಾಚನಾಲಯ, ಅಂಗಡಿ, ಸಹಕಾರ ಸಂಘ, ತೋಟ, ಇವುಗಳಲ್ಲಿ ಕ್ರಮವಾಗಿ, ತಪ್ಪದೆ, ಒಂದೇ ರೀತಿಯಾಗಿ ಮಾಡಬೇಕಾದ ಕೆಲಸಗಳು ಎಷ್ಟೋ ಇವೆ. ನಮಗೆ ಬೇಸರ ತರುವ ಆ ಕ್ರಮವೇ ಇವರಲ್ಲಿ ಹಲವರಿಗೆ ಪ್ರೀತಿ. ಕೆಲಸವನ್ನು ಮಾಡಲಾರದಷ್ಟು ಅಶಕ್ತರಾದವರೂ ಇರುತ್ತಾರೆ. ಅವರಿಗೆ ಸ್ಥಳವನ್ನು ಕೊಡುವುದಕ್ಕೆ ಕೆಲಸವನ್ನು ನೆಪವಾಗಿ ಕೇಳಬಾರದು. ಅವರ ಮನೆಗೆ ನಾವು ಹೋಗಿ, ತಾಯಿಗೆ ಎರಡು ಗಂಟೆ ಬಿಡುವು ಮಾಡಿಕೊಡಬೇಕು.

ನಾಲ್ಕನೆಯದು ಕಾನೂನಿನ ತಿಳಿವಳಿಕೆ. ಮಗನಿಗೆ ಹದಿನೆಂಟು ತುಂಬಿದ ಮೇಲೆ ತಂದೆತಾಯಿಗಳು ಕಾನೂನಿನ ದೃಷ್ಟಿಯಲ್ಲಿ ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲವೆಂಬುದು ಹಲವರಿಗೆ ತಿಳಿದಿಲ್ಲ. 1999ನೆಯ ಇಸವಿಯ ನ್ಯಾಷನಲ್ ಟ್ರಸ್ಟ್ ಕಾಯಿದೆಯು ಸ್ವಲೀನರೇ ಮೊದಲಾದವರಿಗಾಗಿ ಏರ್ಪಟ್ಟಿದ್ದು. ಪೋಷಕರು ಬೇಕಾದವರಿಗೆ ಆ ಕಾಯಿದೆಯ ಮೇರೆಗೆ ಜಿಲ್ಲೆಯ ಸ್ಥಳೀಯ ಸಮಿತಿಯು ಪೋಷಕರನ್ನು ನೇಮಿಸುತ್ತದೆ. ಜಿಲ್ಲಾಧಿಕಾರಿಗಳು ಆ ಸಮಿತಿಯಲ್ಲಿರುತ್ತಾರೆ. ತಂದೆತಾಯಿಗಳು ಬದುಕಿರುವಾಗಲೇ ಇದನ್ನು ಮಾಡಿಸಿಕೊಳ್ಳುವುದು ವಿವೇಕ. ಅದೇ ಟ್ರಸ್ಟಿನ ‘ನಿರಾಮಯ’ ಎಂಬ ವಿಮೆಯಿಂದ ಒಂದು ಲಕ್ಷ ರೂಪಾಯಿಗಳವರೆಗೆ ಔಷಧೋಪಚಾರದ ಖರ್ಚು ದೊರೆಯುತ್ತದೆ. 2016ನೆಯ ಇಸವಿಯ ವಿಕಲಚೇತನರ ಹಕ್ಕುಗಳ ಕಾಯಿದೆಯು ಎಣಿಸಿದ 21 ಬಗೆಗಳಲ್ಲಿ ಸ್ವಲೀನತೆಯೂ ಸೇರಿದೆ. ವಿಕಲಚೇತನರಿಗೆ ಸಮುದಾಯದ ನಡುವೆ ಬಾಳುವ ಹಕ್ಕುಂಟೆಂದು ಅದರ ಐದನೆಯ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಹಕ್ಕನ್ನು ಕಾಯಿದೆ ಕೊಡಬಲ್ಲುದು; ‘ಬನ್ನಿ, ಕುಳಿತುಕೊಳ್ಳಿ’ ಎಂಬ ಮಾತನ್ನು ನೆರೆಯವನೇ ಆಡಬೇಕು.

ಕಡೆಯಲ್ಲಿ ನಮ್ಮ ಋಣದ ವಿಚಾರ. ಆ ತಾಯಿಯ ಮಾತನ್ನು ಕೇಳಿದ ಕೆಲವು ದಿನಗಳ ಮೇಲೆ ನಾವು ಶಿಷ್ಯನ ಬಳಿಗೆ ಹೋಗಿ, “ಅಂದು ತಪ್ಪು ಮಾಡಿದವನು ನಾನು, ನಿಮ್ಮ ಮಾತೇ ಸರಿಯಾಗಿತ್ತು” ಎಂದೆವು. ಆತನು ಕಿಟಕಿಯನ್ನು ನೋಡುತ್ತ, ಆ ರೂಪವನ್ನು ಸರಿಯಾಗಿ ಮತ್ತೊಮ್ಮೆ ಹೇಳಿದನು. ಅಷ್ಟೇ. ಆಮೇಲೆ ವಾರಕ್ಕೆ ಎರಡು ದಿನ, ಅದೇ ಹೊತ್ತಿಗೆ ಹೋಗುತ್ತ ಬಂದೆವು. ಮೂರು ತಿಂಗಳ ಮೇಲೆ ನಮ್ಮ ಸಂಗಡ ವಾಚನಾಲಯದವರೆಗೆ ನಡೆದು ಬಂದನು. ಮೊದಲ ದಿನ ಬಾಗಿಲಿಂದಲೇ ಹಿಂತಿರುಗಿದನು. ಒಳಗೆ ಕಿರುಗುಟ್ಟುವ ಪಂಖದ ಸದ್ದು. ವಾಚನಾಲಯದ ಗುಮಾಸ್ತರು ದೊಡ್ಡ ಮನುಷ್ಯರು. ಮರುದಿನ ಆ ಪಂಖಕ್ಕೆ ಎಣ್ಣೆ ಹಾಕಿಸಿದರು. ಈಗ ಆತನು ದಿನವೂ ನಾಲ್ಕು ಗಂಟೆಗೆ ಬಂದು, ಚೆಲ್ಲಾಪಿಲ್ಲಿಯಾದ ಪತ್ರಿಕೆಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ, ಗೋಡೆಯ ಕಡೆಯ ಕುರ್ಚಿಯಲ್ಲಿ ಕುಳಿತುಕೊಳ್ಳುತ್ತಾನೆ. ಆ ಕುರ್ಚಿಯಲ್ಲಿ ಬೇರೆ ಯಾರೂ ಕೂರುವುದಿಲ್ಲ. ಯಾವುದಾದರೂ ಹಳೆಯ ಸಂಚಿಕೆ ಬೇಕಾದರೆ ಮುದುಕರೆಲ್ಲ ಆತನನ್ನೇ ಕೇಳುತ್ತಾರೆ.

ಹೋದ ತಿಂಗಳು ಜ್ವರದಿಂದ ಆತನು ಎರಡು ದಿನ ಬರಲಿಲ್ಲ. ಎರಡನೆಯ ದಿನ ಸಂಜೆ ಆ ತಾಯಿ ನಮ್ಮ ಮನೆಯ ಜಗಲಿಗೆ ಬಂದು ಕುಳಿತು, “ಮೇಷ್ಟ್ರೇ, ಇವತ್ತು ಮೂರು ಜನ ಬಂದು ಕೇಳಿದರು, ಯಾಕೆ ಬರಲಿಲ್ಲ ಅಂತ” ಎಂದರು, ಹೇಳುತ್ತ ಕಣ್ಣೊರೆಸಿಕೊಂಡರು. ಆಕೆಯ ಪ್ರಶ್ನೆಗೆ ಪೂರ್ಣವಾದ ಉತ್ತರ ಇದಲ್ಲವೆಂದು ನಾವು ಬಲ್ಲೆವು. ಮುಂದೆ ಮನೆಯನ್ನು ನೋಡಿಕೊಳ್ಳುವವರು ಬೇಕು, ಹಣದ ಏರ್ಪಾಡು ಬೇಕು, ಪೋಷಕರ ನೇಮಕವಾಗಬೇಕು. ಅಣ್ಣನು ಬಂದು ಅದಕ್ಕೆ ಅರ್ಜಿ ಹಾಕಿದ್ದಾನೆ. ಆದರೆ ಆತನು ಇದ್ದಾನೆಂದು ತಿಳಿದವರು ಈಗ ಮೂರು ಮಂದಿ ಇದ್ದಾರೆ. ವಾಚಕರ ಬೀದಿಯಲ್ಲಿಯೂ ಕಿಟಕಿಯ ಹಿಂದೆ ಹೀಗೆ ಒಬ್ಬರು ಇರಬಹುದು. ಅವರ ಮನೆಯ ಬಾಗಿಲನ್ನು ಒಮ್ಮೆ ಮೆಲ್ಲಗೆ ತಟ್ಟಬೇಕೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇವೆ.